ಬಯಲಾಟದ ವೀರವೇಷ: ಮನೆಯಲ್ಲೇ ಸಿದ್ಧವಾಗುವ ಎದೆಗವಚ, ಭುಜಕೀರ್ತಿ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಹಾಗೂ ನೆರೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗ್ರಾಮಗಳು ಉತ್ತರ ಕರ್ನಾಟಕದ ಬಯಲಾಟದ ಸೀಮೆಗೆ ಸೇರಿವೆ. ದೊಡ್ಡಾಟವೆಂದು ಕರೆಯಲಾಗುವ ಈ ಕಲೆಯಲ್ಲಿ ಹಗಲು ಹೊಲದಲ್ಲಿ ದುಡಿಯುವ ರೈತನೇ ರಾತ್ರಿ ಭೀಮನಾಗಿ, ರಾವಣನಾಗಿ ರಂಗವೇರುತ್ತಾನೆ. ಅವನನ್ನು ವೀರನನ್ನಾಗಿ ಮಾಡುವುದರಲ್ಲಿ ಮಾತು, ಕುಣಿತಗಳಷ್ಟೇ ಪಾಲು ಕಿರೀಟ, ಭುಜಕೀರ್ತಿ, ಎದೆಗವಚ, ನಡುಪಟ್ಟಿ, ಕೈಕಟ್ಟುಗಳಿಗೂ ಇದೆ.

ಕದನದ ಜೋಡು, ರಂಗದ ಜೋಡು

ಕವಚಕ್ಕೆ ಹಳೆಯ ಕನ್ನಡ ಕಾವ್ಯಗಳಲ್ಲಿ ‘ಜೋಡು’ ಎಂಬ ಹೆಸರಿದೆ. ಶಿರಸ್ತ್ರಾಣಕ್ಕೆ ‘ಸೀಸಕ’ ಎನ್ನುತ್ತಾರೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಕಲಬುರಗಿ. ದಖ್ಖನಿನ ಯೋಧರು ಉಕ್ಕಿನ ಬಳೆಗಳನ್ನು ಹೆಣೆದ, ನಡುವೆ ತಗಡು ಕೂಡಿಸಿದ ಕವಚಗಳನ್ನು ತೊಡುತ್ತಿದ್ದರು. ಏಟು ತಡೆಯುವುದು ಅವುಗಳ ಕೆಲಸ. ಬಯಲಾಟದ ಕವಚ ದೂರದಲ್ಲಿ ಕುಳಿತ ಪ್ರೇಕ್ಷಕನಿಗೂ ಹೊಳೆದು ಕಾಣಬೇಕು, ಇರುಳಿಡೀ ಕುಣಿಯುವವನಿಗೆ ಹೊರೆಯಾಗಬಾರದು. ಆದ್ದರಿಂದಲೇ ಹಗುರ ಮರ, ರಟ್ಟು, ಬಟ್ಟೆ, ಬೇಗಡೆ, ಕನ್ನಡಿ ಚೂರುಗಳು ಇಲ್ಲಿ ಉಕ್ಕಿನ ಸ್ಥಾನ ಪಡೆದಿವೆ. ಪಂಜಿನ ಅಲುಗಾಡುವ ಬೆಳಕಿನಲ್ಲಿ ಬೇಗಡೆಯ ಮಿಂಚಿಗೆ ಸಿಗುವ ಜೀವ ವಿದ್ಯುತ್ ದೀಪದ ಸ್ಥಿರ ಬೆಳಕಿನಲ್ಲಿ ಸಿಗುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಆಟಗಾರರೇ ಯೋಧರ ಪಾತ್ರ ಧರಿಸಿ ಬಯಲಿನಲ್ಲಿ ಕಾದಾಡುವ ಹವ್ಯಾಸವಿದೆ. ಇಂಗ್ಲೆಂಡಿನ ಪೆಕ್‌ಫೋರ್ಟನ್ ಕೋಟೆಯಲ್ಲಿ 1982ರಲ್ಲಿ ಇಂಥ ಆಟವೊಂದು ಆರಂಭವಾಯಿತು. ಅಲ್ಲಿನವರು ಚರ್ಮ, ಫೋಮ್ ಹಾಳೆ, ಲೋಹದ ಬಳೆಗಳಿಂದ ಕವಚಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅಲ್ಲಿಯೂ ಇಲ್ಲಿಯೂ ಮೊದಲ ಪ್ರಶ್ನೆ ಒಂದೇ: ತೊಟ್ಟವನು ಸಲೀಸಾಗಿ ಕೈಯೆತ್ತಬಲ್ಲನೇ?

ಎದೆಗವಚ ಮಾಡುವ ಕ್ರಮ

ಮೊದಲು ಅಳತೆ. ಭುಜದಿಂದ ಭುಜಕ್ಕೆ, ಕೊರಳಿನಿಂದ ನಡುವಿಗೆ, ಎದೆಯ ಸುತ್ತ ದಾರ ಹಿಡಿದು ಅಳೆಯಬೇಕು. ಒಳಗೆ ತೊಡುವ ಅಂಗಿಯ ಮೇಲೆಯೇ ಅಳತೆ ತೆಗೆಯುವುದು ಸರಿ. ಹಳೆಯ ದಿನಪತ್ರಿಕೆಯಲ್ಲಿ ಆಕಾರ ಕತ್ತರಿಸಿ ಪಾತ್ರಧಾರಿಯ ಎದೆಗೆ ಹಿಡಿದು ನೋಡಬೇಕು. ಕಂಕುಳ ಬಳಿ ಧಾರಾಳವಾಗಿ ಕತ್ತರಿಸದಿದ್ದರೆ ಗದೆ ಎತ್ತಿದಾಗ ಅಂಚು ಚರ್ಮವನ್ನು ಕೊರೆಯುತ್ತದೆ.

ಆ ಅಚ್ಚಿನಂತೆ ರಟ್ಟಿನ ಎರಡು ಹಾಳೆಗಳನ್ನು ಕತ್ತರಿಸಿ, ಒಂದರ ಗೆರೆ ಉದ್ದಕ್ಕೂ ಇನ್ನೊಂದರದು ಅಡ್ಡಕ್ಕೂ ಬರುವಂತೆ ಅಂಟಿಸಿದರೆ ಕವಚ ಮುರಿಯದು. ಅಂಟು ಹಸಿಯಿರುವಾಗಲೇ ಬೋರಲು ಹಾಕಿದ ಕೊಡದ ಮೇಲೆ ಬಾಗಿಸಿ ಕಟ್ಟಿ ನೆರಳಲ್ಲಿ ಒಣಗಿಸಿದರೆ ಎದೆಯ ಉಬ್ಬು ಮೂಡುತ್ತದೆ. ಮೈದಾ ಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳು ಹಿಡಿಯುವುದಿಲ್ಲ. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗಬಾರದು; ಕೆಲಸ ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಬೇಕು.

ಒಣಗಿದ ರಟ್ಟಿನ ಎರಡೂ ಬದಿಗೆ ಹಳೆಯ ಧೋತರದ ಬಟ್ಟೆ ಅಂಟಿಸಿ, ಅಂಚನ್ನು ಒಳಕ್ಕೆ ಮಡಿಸಬೇಕು. ಉಬ್ಬು ಚಿತ್ತಾರ ಬೇಕಾದಲ್ಲಿ ದಪ್ಪ ಹುರಿಯನ್ನು ಬಳ್ಳಿಯಂತೆ ಅಂಟಿಸಿ, ಮೇಲೆ ಬೇಗಡೆ ಹೊದಿಸಿ ಬೆರಳಿನಿಂದ ಒತ್ತಿದರೆ ಸಾಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಇದೇ ಬಗೆಯ ಕೆಲಸಕ್ಕೆ ಹಗುರ ಮರವನ್ನೂ, ಹುಣಸೆ ಬೀಜದ ಅಂಟಿನಲ್ಲಿ ಸೆಣಬಿನ ಚಿಂದಿ ಕಲಸಿದ ‘ಕಿಟ್ಟ’ವನ್ನೂ ಬಳಸುತ್ತ ಬಂದಿದ್ದಾರೆ.

ಕನ್ನಡಿ ಚೂರುಗಳ ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ ಬಳಿಕವೇ ಕೂಡಿಸಬೇಕು. ಬೆನ್ನಿಗೆ ರಟ್ಟು ಬೇಡ. ನಾಲ್ಕು ಲಾಡಿಗಳಿಂದ ಕಟ್ಟಿದರೆ ಗಾಳಿಯಾಡುತ್ತದೆ, ಬೇರೆ ಮೈಕಟ್ಟಿನವನಿಗೂ ಹೊಂದುತ್ತದೆ.

ಭುಜಕೀರ್ತಿಯ ಎಚ್ಚರಿಕೆ

ಭುಜಕೀರ್ತಿಯ ಭಾರ ಎಲುಬಿನ ಮೇಲೆ ನೇರ ಬೀಳದಂತೆ ಅಡಿಯಲ್ಲಿ ಹತ್ತಿಯ ಮೆತ್ತೆ ಹೊಲಿಯಬೇಕು. ಎರಡನ್ನೂ ಎದೆಗವಚಕ್ಕೆ ಬಿಗಿಯದೆ ಸಡಿಲ ಲಾಡಿಯಿಂದ ತೂಗುಬಿಟ್ಟರೆ ತೋಳಿನೊಡನೆ ತಾವೂ ಏಳುತ್ತವೆ. ಮೊಳೆ ಬಳಸಿದ್ದರೆ ಒಳತುದಿ ಮಡಿಸಿ ಬಟ್ಟೆ ಮುಚ್ಚುವುದು ಕಡ್ಡಾಯ. ರಟ್ಟು, ಬಟ್ಟೆ ಬೇಗ ಹೊತ್ತಿಕೊಳ್ಳುವುದರಿಂದ ಪಂಜು ಹಿಡಿಯುವ ಪ್ರಸಂಗಗಳಲ್ಲಿ ಅಂತರ ಕಾಯಬೇಕು. ತಾಲೀಮಿನ ಕೊನೆಯ ದಿನಗಳಲ್ಲಿ ಪೂರ್ಣ ವೇಷ ತೊಟ್ಟು ಕುಣಿದು ನೋಡಿದರೆ ದೋಷಗಳೆಲ್ಲ ಆಗಲೇ ತಿಳಿಯುತ್ತವೆ.

ಅಚ್ಚು ಉಳಿದರೆ ವಿದ್ಯೆ ಉಳಿದೀತು

ವೇಷ ಮಾಡುವ ಈ ವಿದ್ಯೆ ಬಹುಮಟ್ಟಿಗೆ ಕೈಯಿಂದ ಕೈಗೆ ಬಂದದ್ದು, ಬರಹಕ್ಕೆ ಇಳಿದದ್ದು ಕಡಿಮೆ. ಬಲ್ಲ ಹಿರಿಯರೊಬ್ಬರು ಇಲ್ಲವಾದರೆ ಊರು ಬಾಡಿಗೆಯ ವೇಷಕ್ಕೆ ಕೈಯೊಡ್ಡಬೇಕಾಗುತ್ತದೆ. ಬಾಡಿಗೆ ಹೊಂದಿಸಲಾಗದ ವರ್ಷ ಆಟವೇ ನಿಂತೀತು. ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿ ಈ ಕಲೆಗಾಗಿಯೇ ಇರುವ ಸಂಸ್ಥೆ. ಆದರೆ ಕಾಪಿಡುವ ಕೆಲಸ ಊರಿನಲ್ಲಿಯೇ ಮೊದಲಾಗಬೇಕು. ಆಟ ಮುಗಿದ ಮೇಲೆ ವೇಷವನ್ನು ಬಿಸಿಲಿಗೆ ಆರಿಸಿ, ಬೇವಿನ ಸೊಪ್ಪಿನೊಡನೆ ಬಟ್ಟೆಯಲ್ಲಿ ಸುತ್ತಿಡಬೇಕು. ಕಾಗದದ ಅಚ್ಚಿನ ಮೇಲೆ ಪಾತ್ರದ ಹೆಸರು, ಅಳತೆ ಬರೆದು ಅದನ್ನೂ ಜೊತೆಗಿಟ್ಟರೆ ಮುಂದಿನ ತಲೆಮಾರಿನ ಭೀಮನಿಗೆ ಹೊಸ ಕವಚ ಕತ್ತರಿಸುವುದು ಕಷ್ಟವಾಗದು.