ಬಾಗಿಲು ಹಾಕಿದ ಅಂಗಡಿಗಳ ಬಾಕಿ ಲೆಕ್ಕ

ಊರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ ಶುರು ಮಾಡುತ್ತಾರೆ. ಗುಡಿ, ಮಸೀದಿ, ಕೆರೆಗಳನ್ನು ಹಾದು ಅರಮನೆಯ ಮುಂದೆ ಬಂದು ನಿಲ್ಲುತ್ತಾರೆ. ಅಂಗಡಿಯ ಮುಂದೆ ನಿಲ್ಲುವವರು ಕಡಿಮೆ. ಆದರೆ ಊರಿನ ಜನ ಕೋಟೆಗೆ ಹೋದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಲ ಅಂಗಡಿಗೆ ಹೋಗಿದ್ದಾರೆ. ಅರಸು ಸತ್ತರೆ ಶಾಸನವಾದರೂ ಉಳಿಯುತ್ತದೆ. ಅಂಗಡಿ ಮುಚ್ಚಿದರೆ ಬೋರ್ಡೂ ಉಳಿಯುವುದಿಲ್ಲ. ತಿಂಗಳು ಕಳೆಯುವುದರೊಳಗೆ ಅದೇ ಜಾಗದಲ್ಲಿ ಮೊಬೈಲಿನದೋ ಬೇಕರಿಯದೋ ಹೊಸ ಬೋರ್ಡು ಏರಿರುತ್ತದೆ. ಹೀಗಾಗಿ ಮುಚ್ಚಿದ ಅಂಗಡಿಗಳ ಚರಿತ್ರೆಯನ್ನು ಗಿರಾಕಿಗಳ ನೆನಪಿನಲ್ಲೇ ಹುಡುಕಬೇಕು. ನೆನಪಿಗೊಂದು ದೋಷವಿದೆ: ಅದು ಸಕ್ಕರೆಯನ್ನು ತುಸು ಹೆಚ್ಚೇ ತೂಗುತ್ತದೆ. ಆದ್ದರಿಂದ ಜೊತೆಗೊಂದು ತಕ್ಕಡಿ ಇಟ್ಟುಕೊಂಡು ಬೆಂಗಳೂರಿನ ಕೆಲವು ಅಂಗಡಿಗಳ ಲೆಕ್ಕ ನೋಡೋಣ.

ಮೊದಲು ಮಾತಿನ ಲೆಕ್ಕ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಸೇರಿದ ನಮ್ಮಂಥವರಿಗೆ ಪಠ್ಯಪುಸ್ತಕದ ಕನ್ನಡ ಕಷ್ಟವಾಗಿತ್ತೇ ಹೊರತು ಅಂಗಡಿಯ ಕನ್ನಡ ಕಷ್ಟವಾಗಿರಲಿಲ್ಲ. ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ, ಅಸಲು, ಕರಾರು, ತಗಾದೆ, ದಲಾಲಿ - ಇವೆಲ್ಲ ಅರಬ್ಬಿ, ಪಾರ್ಸಿಗಳಿಂದ ಹೊರಟು, ದರಬಾರು ಕಚೇರಿಗಳನ್ನು ಹಾದು ಕನ್ನಡಕ್ಕೆ ಬಂದು ಇಲ್ಲೇ ಮನೆಮಾಡಿದ ಮಾತುಗಳು. ಅಂಗಡಿ, ಬೆಲೆ, ಕೊಸರು ಅಚ್ಚ ಕನ್ನಡದವು. ಶಾನುಭೋಗರ ಕಡತದಲ್ಲೂ ಕೋಮಟಿಗರ ಖಾತೆಪುಸ್ತಕದಲ್ಲೂ ಈ ಎರಡು ಬಗೆಯ ಮಾತುಗಳು ಪಕ್ಕಪಕ್ಕದಲ್ಲೇ ಕುಳಿತಿದ್ದವು. ಯಾರ ಭಾಷೆ ಯಾರದು ಎಂಬ ವಾದ ಪಂಡಿತರಲ್ಲಿ ನಡೆದಿರಬಹುದು. ಗಲ್ಲಾಪೆಟ್ಟಿಗೆಯ ಮುಂದೆ ಅದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮ ಮೊಹಲ್ಲಾಗಳ ಕಿರಾಣಿ ಅಂಗಡಿ ಬಹಳಷ್ಟು ಕಡೆ ಶೆಟ್ಟರದ್ದು. ಬೆಳಗಿನ ಮೊದಲ ಬೋಣಿಯ ಕಾಸನ್ನು ಅವರು ಕಣ್ಣಿಗೊತ್ತಿಕೊಂಡು ದೇವರ ಪಟಕ್ಕೆ ತೋರಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಎದುರಿನ ಸಾಬರ ಅಂಗಡಿಯಲ್ಲಿ ಬಿಸ್ಮಿಲ್ಲಾ ಹೇಳಿ ಅದನ್ನೇ ಮಾಡುತ್ತಿದ್ದರು. ಗುರುವಾರ ಸಂಜೆ ಲೋಬಾನದ ಹೊಗೆ ಹಿಡಿದು ಬರುವ ಫಕೀರ ಎರಡೂ ಅಂಗಡಿಗೆ ಹೊಗೆ ಹಾಕಿ ಎರಡೂ ಕಡೆ ಕಾಸು ಪಡೆದು ಹೋಗುತ್ತಿದ್ದ. ರಂಜಾನಿನಲ್ಲಿ ಇಫ್ತಾರ್ ಹತ್ತಿರವಾದರೆ ಶೆಟ್ಟರು ಉಳಿದ ಗಿರಾಕಿಗಳಿಗೆ, "ಸ್ವಲ್ಪ ತಡೀರಿ, ಅವರು ಉಪವಾಸ ಇದ್ದಾರೆ" ಎಂದು ಹೇಳಿ ಮೊದಲು ನಮ್ಮ ಖರ್ಜೂರ ಕಟ್ಟಿಕೊಡುತ್ತಿದ್ದರು. ಇದನ್ನು ಯಾರೂ ಸೌಹಾರ್ದವೆಂದು ಕರೆಯುತ್ತಿರಲಿಲ್ಲ. ಅದು ವ್ಯಾಪಾರ, ಗಿರಾಕಿಯ ಹಬ್ಬ ಗೊತ್ತಿಲ್ಲದವನು ಅಂಗಡಿ ನಡೆಸಲಾರ.

ಆ ಅಂಗಡಿಯ ಜೀವ ಉದ್ದನೆಯ ಉದ್ರಿ ಪುಸ್ತಕದಲ್ಲಿತ್ತು. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ಕುಳಿತು ಉದ್ರಿ ಬರೆಯುವುದು ಶೆಟ್ಟರ ಧರ್ಮ. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ವಿಷಯಕ್ಕೇ ಮೀಸಲಾಗಿದೆ. ಅದಕ್ಕೆ ಸ್ವಲ್ಪ ಮೊದಲು, 280ನೆಯ ವಚನದಲ್ಲಿ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಶೆಟ್ಟರು ಕುರ್‌ಆನ್ ಓದಿದವರಲ್ಲ, ಆದರೆ ಎರಡನ್ನೂ ಪಾಲಿಸುತ್ತಿದ್ದರು: ಬರೆದುಕೊಳ್ಳುತ್ತಿದ್ದರು, ಕಾಯುತ್ತಿದ್ದರು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಉದ್ರಿಯ ಗಿರಾಕಿ ಅಕ್ಕಿಯಲ್ಲಿ ಕಲ್ಲಿದೆ ಎಂದು ಗಟ್ಟಿಯಾಗಿ ಹೇಳುವಂತಿರಲಿಲ್ಲ, ಪಕ್ಕದ ಅಂಗಡಿಯಲ್ಲಿ ನಾಲ್ಕಾಣೆ ಕಡಿಮೆಯಿದ್ದರೂ ಅಲ್ಲಿಗೆ ಹೋಗುವಂತಿರಲಿಲ್ಲ. ಬಾಕಿ ಬೆಳೆದ ತಿಂಗಳು ಮನೆಯ ಗಂಡಸರು ಗಲ್ಲಿ ಬದಲಿಸಿ ನಡೆಯುತ್ತಿದ್ದರು, ಅಂಗಡಿಗೆ ಮಕ್ಕಳನ್ನು ಕಳಿಸುತ್ತಿದ್ದರು. ಹತ್ತು ಜನರೆದುರು "ಹಳೇದು ಯಾವಾಗ ಕೊಡ್ತಾರಂತೆ?" ಎಂಬ ಮಾತು ಕೇಳಿ ಮನೆಗೆ ಬಂದ ಮಗು ಅದನ್ನು ಮರೆಯುವುದಿಲ್ಲ. ಬಡವನ ಪಾಲಿಗೆ ಉದ್ರಿ ಆಸರೆಯೂ ಹೌದು, ಕಾಲಿನ ಹಗ್ಗವೂ ಹೌದು.

ಇನ್ನೂ ಒಂದು ಮಾತಿದೆ. ಅಂಗಡಿಯ ಈ ನೆನಪುಗಳು ಹೆಚ್ಚಾಗಿ ಗಂಡಸರವು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಅಂಗಡಿಯೆಂದರೆ ಬಾಗಿಲಿಗೆ ಬರುವ ಬಳೆಗಾರ, ಹೆಗಲ ಮೇಲೆ ಬಟ್ಟೆಗಂಟು ಹೊತ್ತು ಬರುವ ಸೀರೆಯವನು. ಪರದೆಯ ಹಿಂದಿನಿಂದ ಕೈ ಚಾಚಿ ಬಟ್ಟೆ ಮುಟ್ಟಿ ನೋಡುವುದು, ಬಣ್ಣ ಒಪ್ಪದಿದ್ದರೂ ಗಂಡಸರು ಒಪ್ಪಿದ್ದನ್ನು ಉಡುವುದು.

ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯಲ್ಲಿ ಇದಕ್ಕೊಂದು ಸೋಜಿಗದ ಅಧ್ಯಾಯವಿದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಸ್ಥಾಪಿಸಿದ ಮೇಲೆ ಬಿಳಿಯರಿಗೆ ಬೇಕಾದ ಸಾಮಾನು ಒದಗಿಸುವ ದೊಡ್ಡ ಮಳಿಗೆಗಳು ಹುಟ್ಟಿಕೊಂಡವು. ಅಂಥದೊಂದರ ಹೆಸರು ಇಂಗ್ಲಿಷ್ ವೇರ್‌ಹೌಸ್. ಹೆಸರು ಇಂಗ್ಲಿಷರದು, ಒಡೆಯರು ಕಚ್ಛೀ ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಮೈಸೂರು ಮಹಾರಾಜರು ಅವರಿಗೆ 'ಫಖ್ರುತ್ತುಜ್ಜಾರ್', ಅಂದರೆ ವರ್ತಕರ ಹೆಮ್ಮೆ, ಎಂಬ ಬಿರುದು ಕೊಟ್ಟಿದ್ದರು. ಶಿವಾಜಿನಗರದ ರಸೆಲ್ ಮಾರುಕಟ್ಟೆ 1933ರಲ್ಲಿ ಅವರ ಕೈಯಿಂದಲೇ ಉದ್ಘಾಟನೆಯಾಯಿತು. ಇಂಗ್ಲಿಷ್ ವೇರ್‌ಹೌಸ್ ಇಂದು ಇಲ್ಲ. ಆದರೆ ಸೇಠರ ಕೊಡುಗೆಯಿಂದ 1925ರಲ್ಲಿ ಎದ್ದ ಗೋಷಾ ಆಸ್ಪತ್ರೆ ಶಿವಾಜಿನಗರದಲ್ಲಿ ಇನ್ನೂ ಹೆರಿಗೆ ಮಾಡಿಸುತ್ತಿದೆ. ಗೋಷಾ ಎಂದರೆ ಪರದೆ. ಮಳಿಗೆಯ ಹೊಸ್ತಿಲು ತುಳಿಯಲಾಗದಿದ್ದ ಹೆಂಗಸರಿಗೆ ಮಳಿಗೆಯವರ ಹಣದಿಂದ ಆಸ್ಪತ್ರೆಯೊಂದು ಸಿಕ್ಕಿತು. ಜಾತಿ, ಮತ ಕೇಳದೆ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳೆಷ್ಟೋ.

ನಮ್ಮ ತಾಯಂದಿರು ಮೊದಲ ಸಲ ತಾವೇ ಕೈಯಾರೆ ಬಟ್ಟೆ ಆರಿಸಿದ್ದು ಜನತಾ ಬಜಾರಿನಲ್ಲಿ. ಸಹಕಾರ ಚಳವಳಿ ಕನ್ನಡ ನೆಲಕ್ಕೆ ಹೊಸದೇನಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತ್ತು. 1962ರ ಚೀನಾ ಯುದ್ಧದ ತುರ್ತುಪರಿಸ್ಥಿತಿಯಲ್ಲಿ ಬೆಲೆಗಳು ಕೈಮೀರಬಾರದೆಂದು ಕೇಂದ್ರ ಸರಕಾರ ಬಳಕೆದಾರರ ಸಹಕಾರ ಮಳಿಗೆಗಳಿಗೆ ನೆರವು ಕೊಡತೊಡಗಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಅದಕ್ಕೆ ಇನ್ನಷ್ಟು ವೇಗ ಬಂತು; ಮರುತಿಂಗಳೇ ದಿಲ್ಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮಲ್ಲಿ ಆ ಬಗೆಯ ಮಳಿಗೆಗಳಿಗೆ ಜನತಾ ಬಜಾರ್ ಎಂದು ಹೆಸರಾಯಿತು. ಬೆಂಗಳೂರಿನಲ್ಲಿ ಕೆಂಪೇಗೌಡ ರಸ್ತೆಯ ಹಳೆಯ ಕಟ್ಟಡ ಆ ಹೆಸರಿನಿಂದಲೇ ಬಸ್ಸಿನವರ ಬಾಯಲ್ಲಿ ನೆಲೆನಿಂತಿತು.

ಅಲ್ಲಿನ ದೊಡ್ಡ ಸೌಕರ್ಯವೆಂದರೆ ಬೆಲೆ ಚೀಟಿ. ಚೌಕಾಸಿಯ ಗೊಡವೆಯಿಲ್ಲ, ಪರಪುರುಷನೊಂದಿಗೆ ವಾದವಿಲ್ಲ, ಉದ್ರಿಯ ಹಂಗಿಲ್ಲ. ಬುರ್ಖಾ ತೊಟ್ಟ ನಮ್ಮ ಖಾಲಾಗಳು, ಮಡಿಸೀರೆಯ ಅಜ್ಜಿಯರು, ಗಾರ್ಮೆಂಟ್ಸಿನ ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ಬಿಲ್ಲು ಹಾಕಿಸುತ್ತಿದ್ದರು. ಮಾರುವವರು ಚುರುಕಾಗಿರಲಿಲ್ಲ ನಿಜ. "ಸ್ಟಾಕ್ ಇಲ್ಲಮ್ಮ" ಎಂಬ ಮಾತನ್ನು ಅವರು ತಲೆಯೆತ್ತದೆ ಹೇಳುತ್ತಿದ್ದರು. ಧೂಳು ಕುಳಿತ ಸಾಮಾನು, ಏರುತ್ತಲೇ ಹೋದ ನಷ್ಟ, ಆಡಳಿತದೊಳಗಿನ ರಾಜಕೀಯ, 1991ರ ನಂತರದ ಪೈಪೋಟಿ ಎಲ್ಲ ಸೇರಿ ಹಲವು ಊರುಗಳ ಜನತಾ ಬಜಾರುಗಳನ್ನು ತಿಂದುಹಾಕಿದವು. ದಿಲ್ಲಿಯ ಸೂಪರ್ ಬಜಾರ್ 2002ರಲ್ಲಿ ಬಾಗಿಲು ಹಾಕಿತು. ಆದರೂ ಒಬ್ಬಂಟಿ ಹೆಂಗಸು ಯಾರ ಮುಖವನ್ನೂ ನೋಡದೆ ತನಗೆ ಬೇಕಾದ್ದನ್ನು ಕೊಳ್ಳಬಹುದೆಂದು ತೋರಿಸಿಕೊಟ್ಟದ್ದು ಸಣ್ಣ ಕೆಲಸವೇನಲ್ಲ.

ಅದೇ ಕಾಲದ ಇನ್ನೊಂದು ಮಳಿಗೆ ಎಚ್‌ಎಂಟಿ ಗಡಿಯಾರದ್ದು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಈ ಸಾರ್ವಜನಿಕ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗನಿಗೆ ಜನತಾ, ಮದುವೆಯ ವರನಿಗೆ ಕಾಂಚನ್. ನಿಕಾಹಿನಲ್ಲಿ ಮಹರ್ ಕೊಡಬೇಕಾದವನು ವರ. ಆದರೂ ಕಾಂಚನ್ ಗಡಿಯಾರಕ್ಕಾಗಿ ಹೆಣ್ಣಿನ ತಂದೆ ಮಳಿಗೆಯಿಂದ ಮಳಿಗೆಗೆ ಅಲೆಯುವ ರೂಢಿಯನ್ನು ನಮ್ಮವರೂ ನಾಚಿಕೆಯಿಲ್ಲದೆ ಪಾಲಿಸಿದರು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜಾಲಹಳ್ಳಿಯಲ್ಲಿ 2019ರಿಂದ ಅದರ ವಸ್ತುಸಂಗ್ರಹಾಲಯವಿದೆ. ಗಡಿಯಾರದ ಅಂಗಡಿ ಹೋಯಿತು. ವರದಕ್ಷಿಣೆಗೆ ಬೇರೆ ಅಂಗಡಿಗಳು ಸಿಕ್ಕಿವೆ.

ಪುಸ್ತಕದ ಗಿರಾಕಿಗಳು ಮರೆಯಲಾಗದ ಹೆಸರು ಚರ್ಚ್ ಸ್ಟ್ರೀಟ್ ಬಳಿಯ ಪ್ರೀಮಿಯರ್ ಬುಕ್ ಶಾಪ್. ಕುಂದಾಪುರದ ಕಡೆಯ ಟಿ.ಎಸ್. ಶಾನಭಾಗ್ 1970ರ ದಶಕದ ಆರಂಭದಿಂದ 2009ರವರೆಗೆ ಅದನ್ನು ನಡೆಸಿದರು. ಮುಂಬಯಿಯಲ್ಲಿ 1948ರಲ್ಲಿ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಆರಂಭಿಸಿದ ಟಿ.ಎನ್. ಶಾನಭಾಗರು ಅವರ ಸಂಬಂಧಿ ಹಿರಿಯರು. ಪ್ರೀಮಿಯರ್‌ನಲ್ಲಿ ನೆಲದಿಂದ ಸೂರಿನವರೆಗೆ ಪುಸ್ತಕದ ರಾಶಿ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆ ಎಂಬುದು ಶಾನಭಾಗರ ತಲೆಯಲ್ಲಿತ್ತು. ಕೇಳದೆಯೇ ಬೆಲೆ ಇಳಿಸುತ್ತಿದ್ದರು. ಶಿವಾಜಿನಗರದ ಗಲ್ಲಿಯಿಂದ ಅಳುಕುತ್ತ ಬಂದ ಹುಡುಗರನ್ನೂ ದೊಡ್ಡ ಇತಿಹಾಸಕಾರರನ್ನೂ ಅವರು ಒಂದೇ ಮಿತಭಾಷೆಯಲ್ಲಿ ಮಾತನಾಡಿಸುತ್ತಿದ್ದರು. ಏನು ಓದುತ್ತೀಯೆಂದು ಕೇಳಿದರೇ ಹೊರತು ನೀನು ಯಾರವನೆಂದು ಕೇಳಲಿಲ್ಲ. ಮುಂಬಯಿಯ ಸ್ಟ್ರ್ಯಾಂಡ್ 2018ರಲ್ಲಿ ಮುಚ್ಚಿತು. ಶಾನಭಾಗರು 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಹಾಗಾದರೆ ಈ ಅಂಗಡಿಗಳು ಮುಚ್ಚಿದಾಗ ನಾವು ಕಳೆದುಕೊಂಡದ್ದೇನು? ಸಾಮಾನು ಇಂದು ಹೆಚ್ಚು ಸುಲಭವಾಗಿ, ಎಷ್ಟೋ ಸಲ ಕಡಿಮೆ ಬೆಲೆಗೆ, ಮನೆಬಾಗಿಲಿಗೇ ಬರುತ್ತದೆ. ಪರದೆಯ ಹೆಂಗಸಿಗೂ ಊರುಗೋಲಿನ ಮುದುಕರಿಗೂ ಅದು ಅನುಕೂಲವೇ. 2016ರ ನೋಟು ರದ್ದತಿ, 2020ರ ಲಾಕ್‌ಡೌನ್ ಇವುಗಳ ಪೆಟ್ಟಿನಿಂದ ಏಳಲಾರದ ಸಣ್ಣ ಅಂಗಡಿಗಳು ನಮ್ಮ ಬೀದಿಗಳಲ್ಲೇ ಇವೆ. ಅವುಗಳೊಂದಿಗೆ ಹೋದದ್ದು ಒಂದು ಅಭ್ಯಾಸ: ತನ್ನಂತಲ್ಲದ ಮನುಷ್ಯನ ಮಾತನ್ನು ನಂಬಿ ದಿನಾಲೂ ಕೊಡು ಕೊಳ್ಳು ನಡೆಸುವ ಅಭ್ಯಾಸ. ಆ ನಂಬಿಕೆಯನ್ನು ಭಾಷಣ ಕಲಿಸಲಿಲ್ಲ, ಬೇಳೆ ಬೆಲ್ಲದ ವ್ಯವಹಾರ ಕಲಿಸಿತು.

ಅಭ್ಯಾಸ ತಪ್ಪಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿನಾಚೆ, ಕರಾವಳಿಯಲ್ಲಿ ಕಂಡೆವು. 2022ರ ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲವೆಂದಾಯಿತು. ಬೇರೆ ಜಾತ್ರೆಗಳಲ್ಲೂ ಅದೇ ಕೂಗೆದ್ದಿತು. ದೇವಾಲಯದ ಆಸುಪಾಸಿನ ಜಾಗವನ್ನು ಅನ್ಯಧರ್ಮೀಯರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನು ವಿಧಾನಸಭೆಯಲ್ಲಿ ಸರಕಾರವೇ ಮುಂದಿಟ್ಟಿತು. ಕನ್ನಡದ ಹಲವು ಬರಹಗಾರರು ಇದನ್ನು ವಿರೋಧಿಸಿ ಮುಖ್ಯಮಂತ್ರಿಗೆ ಪತ್ರ ಬರೆದರು. ಅದೇ ಕರಾವಳಿಯ ಮೂಲ್ಕಿಯಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿ ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕನಿಂದ ಕಟ್ಟಲ್ಪಟ್ಟಿತೆಂದು ಐತಿಹ್ಯ ಹೇಳುತ್ತದೆ. ಊರಿನ ಹೆಸರಿನಲ್ಲೇ ಅವನಿದ್ದಾನೆ. ಜಾತ್ರೆಯಲ್ಲಿ ಬಳೆ, ಬತ್ತಾಸು ಇಟ್ಟು ಕೂರುವವನಿಗೆ ಒಂದು ದಿನದ ಮಳಿಗೆಯೆಂದರೆ ಒಂದು ತಿಂಗಳ ಅಕ್ಕಿ. ಅವನ ಅಂಗಡಿಯನ್ನು ನಷ್ಟ ಮುಚ್ಚಿಸಲಿಲ್ಲ, ಪೈಪೋಟಿ ಮುಚ್ಚಿಸಲಿಲ್ಲ. ಅವನ ಹೆಸರು ಮುಚ್ಚಿಸಿತು.

ಇದಕ್ಕೆ ಉತ್ತರವಾಗಿ "ನಾವೂ ನಮ್ಮವರ ಅಂಗಡಿಯಲ್ಲೇ ಕೊಳ್ಳೋಣ" ಎಂಬ ಮಾತು ನಮ್ಮ ಗಲ್ಲಿಗಳಲ್ಲೂ ಕೇಳಿಬಂತು. ಅದು ಅವರ ತಕ್ಕಡಿಯನ್ನೇ ನಾವು ಕೈಗೆತ್ತಿಕೊಂಡಂತೆ. ಪ್ರವಾದಿಯವರು (ಸ) ಸ್ವತಃ ವ್ಯಾಪಾರಿಯಾಗಿದ್ದರು. ನಂಬಿಗಸ್ತರೆಂದು ಹೆಸರು ಪಡೆದದ್ದು ಪ್ರವಾದಿತ್ವಕ್ಕೂ ಮೊದಲು, ತಮ್ಮ ಮತಕ್ಕೆ ಸೇರದವರ ನಡುವೆ. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಕುರ್‌ಆನ್ ಕಟುವಾಗಿ ಖಂಡಿಸುವಾಗ ಗಿರಾಕಿ ಯಾವ ಧರ್ಮದವನೆಂದು ಕೇಳುವುದಿಲ್ಲ.

ಮುಚ್ಚಿದ ಅಂಗಡಿಗಳು ತೆರೆಯುವುದಿಲ್ಲ, ಎಲ್ಲವೂ ತೆರೆಯಬೇಕೆಂದೂ ಇಲ್ಲ. ಉದ್ರಿಯ ಅವಮಾನ ಯಾರಿಗೂ ಬೇಡ, ತಲೆಯೆತ್ತದ ಮಾರಾಟಗಾರನೂ ಬೇಡ. ಆದರೆ ನಮ್ಮ ಬೀದಿಗಳಲ್ಲಿ ಇನ್ನೂ ತೆರೆದಿರುವ ಅಂಗಡಿಗಳಿವೆ. ಒಡೆಯನ ಹೆಸರು ಯಾವುದೆಂದು ನೋಡದೆ ಅವುಗಳ ಮೆಟ್ಟಿಲು ಹತ್ತುವುದು, ತೂಕ ಸರಿಯಿದೆಯೇ ಎಂದಷ್ಟೇ ನೋಡಿ ಕೊಳ್ಳುವುದು, ಕೊಂಡ ಮೇಲೆ ಎರಡು ಮಾತಾಡಿ ಬರುವುದು - ಇಷ್ಟು ನಮ್ಮ ಕೈಯಲ್ಲಿದೆ. ಹಳೆಯ ಅಂಗಡಿಗಳಿಗೆ ನಾವು ಕೊಡಬೇಕಾದ ಬಾಕಿ ಅದೇ.