ಕಾಲಿನಿಂದ ನಾದ, ಕಾಲಿನಿಂದಲೇ ಮೌನ

ನಮ್ಮ ಮಂಗಳೂರಿನ ಸಂಗೀತ ಸಂಜೆಗಳಲ್ಲಿ ಗಿಟಾರ್ ನುಡಿಸುವವನ ಬೆರಳುಗಳನ್ನು ಎಲ್ಲರೂ ನೋಡುತ್ತಾರೆ. ಕಾಲನ್ನು ಗಮನಿಸುವವರು ಕಡಿಮೆ. ಹಾಡು ಮುಗಿದೊಡನೆ ಆತ ನೆಲದ ಮೇಲಿರುವ ಪುಟ್ಟ ಲೋಹದ ಪೆಟ್ಟಿಗೆಯೊಂದನ್ನು ಪಾದದಿಂದ ಅದುಮುತ್ತಾನೆ. ವಾದ್ಯದ ಧ್ವನಿ ಸ್ಪೀಕರನ್ನು ತಲಪುವುದು ಅಲ್ಲಿಗೆ ನಿಲ್ಲುತ್ತದೆ. ಈ ಪೆಡಲಿನ ಹಿನ್ನೆಲೆ ಸ್ವಾರಸ್ಯಕರವಾದುದು.

ನಮ್ಮ ತಲೆಮಾರಿನವರು ಮೊದಲು ಕಂಡದ್ದು ನಾದವನ್ನು ಹುಟ್ಟಿಸುವ ಕಾಲನ್ನು. ಫ್ರಾನ್ಸಿನ ಅಲೆಕ್ಸಾಂಡ್ರ್ ದೆಬೆಂ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತಿದಿ ಒತ್ತುವಂಥದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜರ್ಮನ್ ರಾಗಗಳಿಗೆ ಕನ್ನಡ ಗೀತೆಗಳನ್ನು ಹೊಂದಿಸಿದರಷ್ಟೆ; ಇಲ್ಲಿಯ ಇಗರ್ಜಿಗಳಲ್ಲಿ ಇಂಥ ವಾದ್ಯ ಬಹುಕಾಲ ಬಳಕೆಯಲ್ಲಿತ್ತು. ಗುಬ್ಬಿ ವೀರಣ್ಣನವರ ಕಾಲದ ವೃತ್ತಿನಾಟಕ ಕಂಪನಿಗಳಲ್ಲಿ ಅದಕ್ಕೆ 'ಲೆಗ್ ಹಾರ್ಮೋನಿಯಂ' ಎಂದೇ ಹೆಸರು. ತುಳಿಯುವುದನ್ನು ನಿಲ್ಲಿಸಿದರೆ ತಿದಿಯ ಗಾಳಿ ಮುಗಿದು ವಾದ್ಯ ತಾನಾಗಿ ಸುಮ್ಮನಾಗುತ್ತಿತ್ತು. ಅದನ್ನು ಸುಮ್ಮನಾಗಿಸಲು ಬೇರೊಂದು ಉಪಕರಣ ಬೇಕಿರಲಿಲ್ಲ.

1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ವಿದ್ಯುತ್ ಗಿಟಾರ್ ಬಂದ ಮೇಲೆ ಸ್ಥಿತಿ ಬದಲಾಯಿತು. ತಂತಿಯ ಕಂಪನದಿಂದ ಅಯಸ್ಕಾಂತದ ಸುರುಳಿಯಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಆಂಪ್ಲಿಫಯರ್ ಹಿಗ್ಗಿಸುತ್ತದೆ. ಯಾವುದು ಸ್ವರ, ಯಾವುದು ಗೊರಗೊರ ಸದ್ದು ಎಂಬ ವಿವೇಚನೆ ಅದಕ್ಕಿಲ್ಲ. ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಅಗಲಿದ ಅಧ್ಯಾಪಕರೊಬ್ಬರಿಗಾಗಿ ಸಭೆ ಎದ್ದು ನಿಂತು ಮೌನ ಆಚರಿಸುತ್ತಿದ್ದಾಗ, ವಾದ್ಯತಂಡದ ಹುಡುಗನೊಬ್ಬ ಗಿಟಾರಿನ ವಯರನ್ನು ಎಳೆದುಬಿಟ್ಟ. 'ಢಬ್' ಎಂಬ ಸದ್ದು, ಅದರ ಹಿಂದೆಯೇ ಝೇಂಕಾರ. ಮುಂದಿನ ಸಾಲಿನಲ್ಲಿದ್ದ ಅವರ ಮನೆಯವರು ಬೆಚ್ಚಿಬಿದ್ದುದು ನನಗಿನ್ನೂ ನೆನಪಿದೆ. ಹುಡುಗನನ್ನು ಗದರಿದವರೇ ಹೆಚ್ಚು. ಅವನ ಬಳಿ ಬೇರೆ ಉಪಾಯವೇನಿತ್ತು?

ಉಪಾಯ ಬಲು ಸರಳವಾದುದು. ಗದ್ದೆಗೆ ಹೋಗುವ ನೀರನ್ನು ತೋಡಿಗೆ ತಿರುಗಿಸಿದಂತೆ, ಸ್ವಿಚ್ಚು ಒತ್ತಿದಾಗ ವಾದ್ಯದ ಸಂಕೇತವು ಅರ್ಥಿಂಗ್ ತಂತಿಯತ್ತ ಹರಿದುಹೋಗುತ್ತದೆ. ಬರಿದೇ ತಂತಿಯನ್ನು ಕಡಿದರೆ ಸಾಲದು. ತೆರೆದ ತುದಿಯೇ ಸುತ್ತಲಿನ ಗದ್ದಲವನ್ನು ಹೀರಿಕೊಳ್ಳುತ್ತದೆ. 1962ರಲ್ಲಿ ಮೇಸ್ಟ್ರೋ ಫಜ್‌-ಟೋನ್ ಬಂದಂದಿನಿಂದ ಕಾಲಿನಿಂದ ಧ್ವನಿಯನ್ನು ಬದಲಿಸುವ ಪೆಟ್ಟಿಗೆಗಳು ಪ್ರಚಾರಕ್ಕೆ ಬಂದವು. 1998ರಲ್ಲಿ ಜಪಾನಿನ ಬಾಸ್ ಸಂಸ್ಥೆ ಹೊರತಂದ ಟಿಯು-2 ಎಂಬ ಪೆಡಲಿನಲ್ಲಿ ಎರಡು ಕೆಲಸಗಳು ಕೂಡಿಕೊಂಡವು: ಒತ್ತಿದೊಡನೆ ಧ್ವನಿ ನಿಲ್ಲುತ್ತದೆ, ಪುಟ್ಟ ದೀಪಗಳು ಶ್ರುತಿಯನ್ನು ತೋರಿಸುತ್ತವೆ. ಸಭೆಗೆ ಕೇಳಿಸದಂತೆ ತಂತಿ ಬಿಗಿದುಕೊಳ್ಳಬಹುದು.

'ಕೊಂಕಣ್ ಕೋಗುಳ್' ವಿಲ್ಫಿ ರೆಬಿಂಬಸ್ (1942–2010) ಅವರ 'ವಿಲ್ಫಿ ನೈಟ್'ಗಳನ್ನು ಕೇಳಿದ ಊರಿದು. 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿದ್ದೂ ಇಲ್ಲಿಯೇ. ವೇದಿಕೆಯ ಶಿಸ್ತು ಏನೆಂದು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಶಾಸ್ತ್ರೀಯ ಕಛೇರಿಯ ರೀತಿ ಬೇರೆ. ಅಲ್ಲಿ ಮೃದಂಗವನ್ನು ಎಲ್ಲರೆದುರೇ ತಟ್ಟಿ ಶ್ರುತಿಗೂಡಿಸುತ್ತಾರೆ; ತಂಬೂರಿ ಹಾಡುಗಳ ನಡುವೆಯೂ ಮೀಟುತ್ತಿರುತ್ತದೆ, ನಿಂತರೇ ಕೊರತೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಅವರು ಉಸಿರು ಹಿಡಿದರೆ ನಿಲ್ಲುತ್ತಿತ್ತು, ಲೆಗ್ ಹಾರ್ಮೋನಿಯಮ್ಮಿನ ಹಾಗೆ.

ಪೆಡಲಿನಲ್ಲಿ ಅಪಾಯವೂ ಒಂದುಂಟು. ಪುನಃ ಒತ್ತಲು ಮರೆತರೆ ಮುಂದಿನ ಹಾಡಿನ ಮೊದಲ ಸಾಲಿಗೆ ಗಿಟಾರೇ ಇರುವುದಿಲ್ಲ. ಡ್ರಮ್ಸ್ ಬಾರಿಸುವವನು ಅತ್ತ ತಿರುಗಿ ನಗುತ್ತಾನೆ. ಸಭೆಗೆ ಹೆಚ್ಚಾಗಿ ತಿಳಿಯುವುದೂ ಇಲ್ಲ.