ಠಾಣೆಯ ನ್ಯಾಯಪೀಠಕ್ಕೆ ಏರುವ ಮೆಟ್ಟಿಲು: ಶೆಟ್ಟಿ ಆಯೋಗದ ನಂತರ ವಿಚಾರಣಾ ನ್ಯಾಯಾಧೀಶರ ವೃತ್ತಿಜೀವನ

ಅಮೆರಿಕದಲ್ಲಿ ಒಕ್ಕೂಟದ ಕಾನೂನಿಗೆ ಒಕ್ಕೂಟದ್ದೇ ವಿಚಾರಣಾ ನ್ಯಾಯಾಲಯಗಳಿವೆ. ಅಲ್ಲಿನ ಜಿಲ್ಲಾ ನ್ಯಾಯಾಧೀಶರನ್ನು ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು ನೇಮಿಸುತ್ತಾರೆ. ಸನ್ನಡತೆಯಿರುವ ತನಕ ಹುದ್ದೆ ಅವರದು. ಒಕ್ಕೂಟಕ್ಕೊಂದು, ರಾಜ್ಯಕ್ಕೊಂದು ಎಂಬ ಈ ಇಬ್ಬಗೆಯನ್ನು ಭಾರತದ ಸಂವಿಧಾನ ಒಪ್ಪಲಿಲ್ಲ. ಮಾದಕವಸ್ತು ತಡೆಯುವ ಕೇಂದ್ರ ಕಾಯಿದೆ ಇರಲಿ, ಮಹಾರಾಷ್ಟ್ರದ ಬಾಡಿಗೆ ಕಾಯಿದೆ ಇರಲಿ, ಆ ರಾಜ್ಯದ ಠಾಣೆ ಜಿಲ್ಲೆಯ ಠಾಣೆ, ಕಲ್ಯಾಣ, ಬೇಲಾಪುರಗಳಲ್ಲಿ ವಿಚಾರಣೆ ನಡೆಸುವುದು ಒಂದೇ ಜಿಲ್ಲಾ ನ್ಯಾಯಾಂಗ. ಡೊಂಬಿವಲಿಯ ವ್ಯಾಜ್ಯ ಕಲ್ಯಾಣಕ್ಕೆ ಹೋಗುತ್ತದೆ. ಜಿಲ್ಲಾ ನ್ಯಾಯಾಧೀಶರನ್ನು 233ನೇ ವಿಧಿಯಂತೆ ರಾಜ್ಯಪಾಲರು ಹೈಕೋರ್ಟಿನ ಸಮಾಲೋಚನೆಯೊಂದಿಗೆ ನೇಮಿಸುತ್ತಾರೆ. 235ನೇ ವಿಧಿ ಇಡೀ ಅಧೀನ ನ್ಯಾಯಾಂಗವನ್ನು ಹೈಕೋರ್ಟಿನ ಹಿಡಿತಕ್ಕೆ ಒಪ್ಪಿಸಿದೆ.

ಈ ವೃತ್ತಿಗೆ ಇಂದಿನ ರೂಪ ಬಂದದ್ದರಲ್ಲಿ ಕನ್ನಡಿಗರೊಬ್ಬರ ಪಾಲು ದೊಡ್ಡದು. 1996ರಲ್ಲಿ ರಚನೆಯಾದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅಧ್ಯಕ್ಷರು. ಹೆಸರಿಗೆ ವೇತನ ಆಯೋಗವಾದರೂ 1999ರ ವರದಿ ಸಂಬಳಕ್ಕೇ ನಿಲ್ಲಲಿಲ್ಲ: ಯಾರು ಬರಬೇಕು, ಹೇಗೆ ಬಡ್ತಿ ಪಡೆಯಬೇಕು ಎಂಬುದನ್ನೂ ಕೈಗೆತ್ತಿಕೊಂಡಿತು. ವರದಿಯ ಬಹುಭಾಗವನ್ನು ಒಪ್ಪಿದ ಸುಪ್ರೀಂ ಕೋರ್ಟು 2002ರ ಮಾರ್ಚ್ 21ರಂದು ಜಿಲ್ಲಾ ನ್ಯಾಯಾಧೀಶ ಹುದ್ದೆಗಳನ್ನು ಹಂಚಿತು: ಶೇ. 50 ಬಡ್ತಿಗೆ, ಶೇ. 25 ಸೇವೆಯಲ್ಲಿರುವವರ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಗೆ, ಶೇ. 25 ವಕೀಲರಿಗೆ. ಸೀಮಿತ ಪರೀಕ್ಷೆಯ ಪಾಲು 2010ರಲ್ಲಿ ಶೇ. 10ಕ್ಕೆ ಇಳಿದು, 2025ರ ಮೇ 20ರ ತೀರ್ಪಿನಿಂದ ಮತ್ತೆ ಶೇ. 25 ಆಯಿತು.

ವರದಿಯ ಒಂದು ಮಾತಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಿರಿಯ ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷ ವಕಾಲತ್ತು ಮಾಡಿರಬೇಕೆಂದು ಸುಪ್ರೀಂ ಕೋರ್ಟಿನ 1993ರ ತೀರ್ಪು ಹೇಳಿತ್ತು. ಈ ನಿಯಮದಿಂದ ಪ್ರತಿಭಾವಂತ ಯುವಕರು ಸೇವೆಯತ್ತ ಬರುತ್ತಿಲ್ಲವೆಂದು ಆಯೋಗ ಕಂಡುಕೊಂಡಿತು. 2002ರ ತೀರ್ಪಿನಿಂದ ನಿಯಮ ಹೋಯಿತು. ಮೇಲೆ ಹೇಳಿದ 2025ರ ತೀರ್ಪು ಅದನ್ನು ಮರಳಿ ತಂದಿದೆ. ತಂದದ್ದೇ ಸರಿ ಎಂದು ನಾನು ನಂಬುತ್ತೇನೆ. ಅದಕ್ಕೆ ಕಾರಣ ಕಾನೂನಿನ ಪುಸ್ತಕಕ್ಕಿಂತ ಠಾಣೆ ಜಿಲ್ಲೆಯ ಊರುಗಳ ಜನಜೀವನದಲ್ಲಿದೆ. 2011ರ ಜನಗಣತಿಯಲ್ಲಿ ಠಾಣೆ ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆ: 1,10,60,148 ಮಂದಿ. (ಪಾಲ್ಘರ್ ಬೇರೆಯಾದದ್ದು 2014ರಲ್ಲಿ.) ಹತ್ತು ಲಕ್ಷಕ್ಕೆ 50 ನ್ಯಾಯಾಧೀಶರಿರಬೇಕೆಂಬ ಕಾನೂನು ಆಯೋಗದ 1987ರ ಅಳತೆಯನ್ನು ಹಿಡಿದರೆ, ಆ ಅವಿಭಜಿತ ಜಿಲ್ಲೆಗೆ 550ಕ್ಕೂ ಹೆಚ್ಚು ನ್ಯಾಯಾಧೀಶರು ಬೇಕಾಗಿತ್ತು.

ಎಷ್ಟು ಮಂದಿ ಎಂಬುದರಷ್ಟೇ ಮುಖ್ಯ, ವಕಾಲತ್ತಿನ ವರ್ಷಗಳಲ್ಲಿ ಅವರ ಕಿವಿ ಎಷ್ಟು ಪಳಗಿದೆ ಎಂಬುದು. ಕರಾವಳಿಯಿಂದ ಬಂದು ಡೊಂಬಿವಲಿಯ ಹೋಟೆಲಿನಲ್ಲಿ ದುಡಿಯುವ ಕನ್ನಡಿಗನೊಬ್ಬ ಕಲ್ಯಾಣದಲ್ಲಿ ಸಾಕ್ಷಿಕಟ್ಟೆ ಹತ್ತಿದನೆನ್ನಿ. ಕಲಾಪ ಮರಾಠಿಯಲ್ಲಿ, ಉತ್ತರ ಕನ್ನಡದಲ್ಲಿ, ನಡುವೆ ದುಭಾಷಿ. ಸಾಕ್ಷಿಯ ನಡವಳಿಕೆಯಲ್ಲಿ ಗಮನಾರ್ಹವಾದುದನ್ನು ದಾಖಲಿಸುವ ಹೊಣೆ ನ್ಯಾಯಾಧೀಶರದು. ಉತ್ತರಕ್ಕೆ ಮುಂಚೆ ಅವನು ತಡೆದದ್ದು ಸುಳ್ಳು ಹೊಂದಿಸಲೋ, ಪ್ರಶ್ನೆಯ ಮರಾಠಿ ಅರ್ಥವಾಗದೆಯೋ? ಮೇಲ್ಮನವಿಯ ಪೀಠದ ಮುಂದೆ ಇರುವುದು ಕಡತ ಮಾತ್ರ. ಆ ಮೌನವನ್ನು ಕಣ್ಣಾರೆ ಕಂಡವರು ಕಲ್ಯಾಣದ ಆ ನ್ಯಾಯಾಧೀಶರೊಬ್ಬರೇ.